ಎರಡು ಹೆಸರಿನ ಸಾಲ

ನಮಸ್ಕಾರ್ರಿ ಎಲ್ಲರಿಗೂ. ನೀವು ನೋಡುತ್ತಿರುವುದು ಹುಬ್ಬಳ್ಳಿ ಸ್ಟೇಷನ್, ಬೆಳಿಗ್ಗೆ ಏಳು ಗಂಟೆ. ಈ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ, ಜಗತ್ತಿನಲ್ಲೇ ಉದ್ದನೆಯದು. ಇದರ ಆ ತುದಿಯಿಂದ ಈ ತುದಿಗೆ ನಡೆದು ನಿಮಗೆ ತೋರಿಸಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಕೈ ನಡುಗುತ್ತಿತ್ತು. ವಿಡಿಯೋ ಅಲ್ಲಾಡುತ್ತಿದೆ ಅಲ್ವಾ, ಅದಕ್ಕೇ.

ಅವತ್ತು ನಾನು ಹೊರಟಿದ್ದು ಗದಗಕ್ಕೆ, ನನ್ನ ಎಜುಕೇಶನ್ ಲೋನ್ ಮುಗಿಸೋಕೆ. 2011ರಲ್ಲಿ ತೆಗೆದ ಸಾಲ. ಇದು 2025ರ ನವೆಂಬರ್. ಈ ಮಾತು ರೆಕಾರ್ಡ್ ಮಾಡುತ್ತಿರುವುದು ಅದೇ ದಿನ ರಾತ್ರಿ, ಗದಗಿಗೆ ಅಂಟಿಕೊಂಡೇ ಇರುವ ಬೆಟಗೇರಿಯ ನಮ್ಮ ಮನೆಯಲ್ಲಿ. ಅಪ್ಪ ಅವ್ವ ಮಲಗಿದ್ದಾರೆ. ಅದಕ್ಕೆ ಸ್ವಲ್ಪ ಮೆಲ್ಲಗೆ ಮಾತಾಡುತ್ತೇನೆ.

ಇದು ಕಿಟಕಿಯಿಂದ ತೆಗೆದದ್ದು. ಎರಿ ಹೊಲ, ಒಡೆದು ನಿಂತ ಹತ್ತಿ, ಆಗಷ್ಟೇ ಎದ್ದ ಕಡಲೆ. ಅಣ್ಣಿಗೇರಿ, ಹುಲಕೋಟಿ, ಆಮೇಲೆ ಗದಗ. ಕಾಲೇಜಿನ ನಾಲ್ಕು ವರ್ಷ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ.

ಅಪ್ಪ ನೇಕಾರರು. ಸಾಹುಕಾರರು ನೂಲು ಕೊಡುತ್ತಾರೆ, ಅಪ್ಪ ನೇಯ್ದು ಕೊಡುತ್ತಾರೆ, ಸೀರೆಗೆ ಇಷ್ಟು ಅಂತ ಕೂಲಿ. ಅವ್ವ ಕಂಡಿಕೆ ಸುತ್ತುತ್ತಾಳೆ. ನನಗೆ ಸಿಇಟಿಯಲ್ಲಿ ಹುಬ್ಬಳ್ಳಿಯಲ್ಲೇ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಮನೆಯಲ್ಲಿ ಖುಷಿ ಒಂದೇ ದಿನ ಇತ್ತು. ಮರುದಿನದಿಂದ ಫೀಸಿನ ಮಾತು. ಅಪ್ಪನಿಗೆ ಸಾಲ ಅಂದರೆ ಭಯ. ಅಜ್ಜನ ಮಗ್ಗ ಸಾಲಕ್ಕೇ ಹೋಗಿತ್ತು. ಆ ಕತೆ ಕೇಳಿಯೇ ನಾನು ಬೆಳೆದದ್ದು.

ನಮ್ಮ ಗದಗ ತಾಲೂಕಿನ ಕಣಗಿನಹಾಳ ಗೊತ್ತಲ್ಲ? ಹಳ್ಳಿ ಜನರಿಗೆ ನ್ಯಾಯವಾದ ಬಡ್ಡಿಗೆ ಸಾಲ ಸಿಗಲಿ, ಸಾಹುಕಾರನ ಕೈಗೆ ಸಿಕ್ಕು ಹೊಲ ಕಳೆದುಕೊಳ್ಳದಿರಲಿ ಅಂತ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅಲ್ಲಿ ಸಹಕಾರಿ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಸಾಲೆಯಲ್ಲಿ ಇದನ್ನು ಓದಿ ಬಂದು ನಾನು ಅಪ್ಪನಿಗೆ ಹೇಳಿದ್ದೆ. ಎಲ್ಲ ಸಾಲವೂ ಮನೆ ಮುಳುಗಿಸುವುದಿಲ್ಲ ಅಂತ. ಆಗ ನನಗೆ ಹನ್ನೆರಡೋ ಹದಿಮೂರೋ ವಯಸ್ಸು. ಲೋನಿನ ಮಾತು ಬಂದಾಗ ಅಪ್ಪ ಅದನ್ನು ನೆನಪು ಮಾಡಿದರು. "ನೀನ ಹೇಳಿದ್ದೆಲ್ಲಾ" ಅಂದರು.

ಬ್ಯಾಂಕಿನಲ್ಲಿ ನಾಲ್ಕು ಲಕ್ಷದವರೆಗೆ ಆಸ್ತಿ ಅಡ ಇಡುವುದು ಬೇಡ, ಆದರೆ ತಂದೆಯೋ ತಾಯಿಯೋ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು ಅಂದರು. ನಮ್ಮದು ವರ್ಷಕ್ಕೆ 95,000ದಂತೆ ಒಟ್ಟು 3,80,000. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಹಾಳೆ ಹಾಳೆಗೂ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಅಲ್ಲಿನ ಆಫೀಸರ್ ಬಿಡಿಸಿ ಹೇಳಿದರು. "ಇದರಾಗ ನಿಮ್ಮ ಹೆಸರೂ ಇರತೈತ್ರಿ. ಮಗಳು ಕಟ್ಟಲಿಲ್ಲ ಅಂದ್ರ ನೀವು ಕಟ್ಟಬೇಕಾಗತೈತಿ." ಅಪ್ಪ ತಲೆ ಎತ್ತಲೇ ಇಲ್ಲ, ಸಹಿ ಮಾಡುತ್ತಲೇ ಅಂದರು. "ಆಕಿ ಕಟ್ಟತಾಳ್ರಿ."

ಇನ್ನು ಲೆಕ್ಕ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದನ್ನು ಯಾರಾದರೂ ಹದಿನೆಂಟನೇ ವಯಸ್ಸಿನಲ್ಲಿ ಹೇಳಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವುದು ಇರಲಿಲ್ಲ. ಕಂತು ಇಲ್ಲ ಅಂದರೆ ಬಡ್ಡಿಯೂ ಇಲ್ಲ ಅಂದುಕೊಂಡಿದ್ದೆ. ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿತ್ತು. ಶೇಕಡಾ 12. ಮೊದಲ ವರ್ಷದ 95,000ಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ. 2016ರಲ್ಲಿ ಕಂತು ಶುರುವಾಗುವಾಗ 1,59,600 ಬಡ್ಡಿ ಅಸಲಿಗೆ ಸೇರಿ, ಸಾಲ 5,39,600 ಆಗಿತ್ತು. ತಿಂಗಳಿಗೆ 7,742 ರೂಪಾಯಿ, ಹತ್ತು ವರ್ಷ. ನನ್ನ ಮೊದಲ ಸಂಬಳ 11,000.

ಮೊದಲ ಕಂತಿನಲ್ಲಿ ಅಸಲಿಗೆ ಹೋದದ್ದು ಎಷ್ಟು ಗೊತ್ತಾ? 2,346. ಉಳಿದ 5,396 ಬಡ್ಡಿಗೆ. 2020ರ ಫೆಬ್ರವರಿ ಹೊತ್ತಿಗೆ ನಾನು ಮೂರು ಲಕ್ಷ ಮೂವತ್ತು ಸಾವಿರಕ್ಕೂ ಜಾಸ್ತಿ ಕಟ್ಟಿದ್ದೆ. ಪಾಸ್‌ಬುಕ್ ತೆಗೆದು ನೋಡಿದರೆ ಬಾಕಿ 4,14,000. ತೆಗೆದುಕೊಂಡದ್ದಕ್ಕಿಂತ ಜಾಸ್ತಿ! ಅವತ್ತು ವಿದ್ಯಾನಗರದ ರೂಮಿನಲ್ಲಿ ಒಬ್ಬಳೇ ಕೂತು ಅತ್ತಿದ್ದೆ.

ಈಗ ಹೇಳುವುದನ್ನು ಕಾಲೇಜು ಸೇರುವ ತಮ್ಮ ತಂಗಿಯರು ಗಮನ ಇಟ್ಟು ಕೇಳಿ. ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನದ ಯೋಜನೆ ಒಂದಿದೆ. 2009-10ರಿಂದಲೇ ಇದೆ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು ಇಂಜಿನಿಯರಿಂಗ್‌ನಂಥ ಕೋರ್ಸ್ ಓದಿದರೆ, ಓದಿನ ಕಾಲದ ಬಡ್ಡಿ, ಆಮೇಲಿನ ಒಂದು ವರ್ಷದ ಬಡ್ಡಿ ಸರ್ಕಾರವೇ ಕಟ್ಟುತ್ತದೆ. ಅದಕ್ಕೆ ಆದಾಯ ಪ್ರಮಾಣ ಪತ್ರ ಬೇಕು. ನಮ್ಮ ಮನೆಯ ಆದಾಯ ನಾಲ್ಕೂವರೆ ಲಕ್ಷದ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೂ ನಮಗೆ ಆ ಹಣ ಸಿಗಲಿಲ್ಲ. ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಹಾಗೊಂದು ಇದೆ ಅಂತ ಗೊತ್ತಿದ್ದರೆ ತಾನೇ ಕೇಳುವುದು? ನನಗೆ ತಿಳಿದಾಗ ಕಂತು ಶುರುವಾಗಿ ವರ್ಷ ಕಳೆದಿತ್ತು. ವಿಚಾರಿಸಿದೆ, ಈಗ ಆಗುವುದಿಲ್ಲ ಅಂದರು. ಸಿಕ್ಕಿದ್ದರೆ ನನ್ನ ಕಂತು 5,452 ಇರುತ್ತಿತ್ತು. ತಿಂಗಳಿಗೆ 2,290 ರೂಪಾಯಿ ಉಳಿಯುತ್ತಿತ್ತು. ಆಗ ನಾನು ಕೊಡುತ್ತಿದ್ದ ರೂಮಿನ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ.

ಈಗ ಅರ್ಜಿ ಹಾಕುವವರು ವಿದ್ಯಾಲಕ್ಷ್ಮಿ ಪೋರ್ಟಲ್ ನೋಡಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಸರ್ಕಾರ ಪಟ್ಟಿ ಮಾಡಿದ ಒಳ್ಳೆಯ ಕಾಲೇಜುಗಳಲ್ಲಿ ಸೀಟು ಸಿಕ್ಕವರಿಗೆ ಸಹಾಯ ಇದೆ. ಎಂಟು ಲಕ್ಷದವರೆಗೆ ಆದಾಯ ಇರುವ ಮನೆಯ ಮಕ್ಕಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ, ಕಂತು ಶುರುವಾಗುವ ತನಕ ಬಡ್ಡಿಯಲ್ಲಿ ಶೇಕಡಾ 3 ಕಡಿಮೆ. ಸಹಿ ಹಾಕುವ ದಿನವೇ "ಬಡ್ಡಿ ಸಹಾಯಧನ ನನಗೆ ಬರುತ್ತದಾ?" ಅಂತ ಬಾಯಿ ಬಿಟ್ಟು ಕೇಳಿ. ನಾಚಿಕೆ ಬೇಡ.

2017ರಲ್ಲಿ ನಾನಿದ್ದ ಕಂಪನಿ ಸಂಬಳ ನಿಲ್ಲಿಸಿತು. ಈ ತಿಂಗಳು, ಮುಂದಿನ ತಿಂಗಳು ಅನ್ನುತ್ತಾ ಹೋದರು. ಮೂರು ಕಂತು ತಪ್ಪಿದವು. ಆಮೇಲೆ ಗೆಳತಿಯೊಬ್ಬಳು ಕೈಗಡ ಕೊಟ್ಟಳು, ದಂಡ ಸೇರಿಸಿ ಕಟ್ಟಿದೆ. ಬೇರೆ ಕೆಲಸ ಸಿಕ್ಕಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಅದು ನನಗೆ ತಿಳಿದದ್ದು ಐದು ವರ್ಷ ಆದಮೇಲೆ, 2022ರ ದೀಪಾವಳಿಗೆ ಊರಿಗೆ ಬಂದಾಗ. ಅವ್ವ ರಾಟಿ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಓಣಿಯಲ್ಲಿ ಯಾರೋ ಹೊಸ ಪವರ್‌ಲೂಮ್ ತಂದ ಮಾತು ಬಂತು. ಅವ್ವ ಸುಮ್ನೆ ಮಾತಿಗೆ ಮಾತು ಅನ್ನುವ ಹಾಗೆ ಹೇಳಿಬಿಟ್ಟಳು. "ನಿಮ್ಮಪ್ಪನೂ ಕೇಳಾಕ ಹೋಗಿದ್ರು, ನಾಲ್ಕು ವರ್ಷದ ಹಿಂದ. ಮಗಳ ಸಾಲದಾಗ ಮೂರು ಕಂತು ತಪ್ಪ್ಯಾವು, ಅದರಾಗ ನಿಮ್ಮ ಹೆಸರೂ ಐತಿ ಅಂತ ಕೊಡಲಿಲ್ಲ."

ಜೊತೆ ಸಾಲಗಾರ ಅಂದರೆ ಇದೇ. ನಾನು ಕಂತು ತಪ್ಪಿಸಿದರೆ ನನ್ನ ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ಕಟ್ಟುತ್ತೇನಾ ಅಂತ ಬ್ಯಾಂಕುಗಳು ನೋಡುವ ಅಂಕ, ಅದೊಂದೇ ಬೀಳುವುದಿಲ್ಲ, ಅಪ್ಪನದೂ ಬೀಳುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಸ್ವಂತ ಮಗ್ಗ ಇಡಬೇಕು, ಕೂಲಿ ನೇಯುವುದು ಬಿಡಬೇಕು ಅಂತ ಅಪ್ಪನಿಗೆ ಮದುವೆಗೆ ಮುಂಚಿನಿಂದ ಇದ್ದ ಆಸೆ. ನನ್ನಿಂದ ಅದು ತಪ್ಪಿತು. ನಾಲ್ಕು ವರ್ಷ ಅವರು ಒಂದು ಮಾತು ಆಡಿರಲಿಲ್ಲ. ಪ್ರತಿ ಸಲ ಫೋನ್ ಮಾಡಿದಾಗ "ಊಟ ಆತೇನು?" ಅಂತಲೇ ಕೇಳುತ್ತಿದ್ದರು. ಅವತ್ತು ರಾತ್ರಿ ನಾನು ಅಪ್ಪನ ಎದುರು ಹೋಗಿ ನಿಂತೆ. ಮಾತು ಬರಲಿಲ್ಲ. ಅಪ್ಪನಿಗೆ ಅರ್ಥವಾಯಿತು. "ನಿನಗ ಯಾರು ಹೇಳಿದ್ರು?" ಅಂದು, ಅವ್ವನ ಕಡೆ ನೋಡಿ, ಎದ್ದು ಹೊರಗೆ ಹೋದರು.

ಸ್ಕೂಟಿ ತೆಗೆದುಕೊಳ್ಳೋಕೆ 60,000 ಕೂಡಿಟ್ಟಿದ್ದೆ. ಡಿಸೆಂಬರ್‌ನಲ್ಲಿ ಅದನ್ನು ಪೂರ್ತಿ ಅಸಲಿಗೆ ಕಟ್ಟಿದೆ. ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕಲಿಲ್ಲ. ಕಟ್ಟುವಾಗ "ಇದು ಅಸಲಿಗೆ" ಅಂತ ಬರೆದು ಕೊಡಿ, ಇಲ್ಲದಿದ್ದರೆ ಮುಂದಿನ ಕಂತುಗಳಿಗೆ ಜಮಾ ಆಗಬಹುದು.

ನಡುವೆ ಕೊರೊನಾ ಬಂದದ್ದು ಹೇಳಲೇ ಇಲ್ಲ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಕಟ್ಟದೆ ಇರಲು ಅವಕಾಶ ಕೊಟ್ಟರು. ಸಂಬಳ ಅರ್ಧ ಬರುತ್ತಿತ್ತು, ನಾನು ತೆಗೆದುಕೊಂಡೆ. ಸುಮಾರು 25,000 ಬಡ್ಡಿ ಸೇರಿಕೊಂಡಿತು. ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ಆಮೇಲೆ ವಾಪಸ್ ಕೊಟ್ಟಿತು. ನನಗೆ ಬಂದದ್ದು 600 ಚಿಲ್ಲರೆ.

ಸರಿ, ಮತ್ತೆ ಇವತ್ತಿಗೆ ಬರೋಣ. ಬ್ಯಾಂಕಿನ ಒಳಗೆ ಕ್ಯಾಮೆರಾ ಆಫ್ ಮಾಡಿದೆ, ಅದಕ್ಕೆ ಇಲ್ಲಿ ಹೊರಗಿನ ಬೇವಿನ ಮರ ಮಾತ್ರ ಕಾಣುತ್ತಿದೆ. ಅಪ್ಪನನ್ನು ಕರೆದುಕೊಂಡೇ ಹೋದೆ. ಬರುವುದಿಲ್ಲ ಅಂದರು, ಆಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದರು.

ಅವತ್ತಿನ ಬಡ್ಡಿ ಸೇರಿ 61,480. ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಕಟ್ಟಿದೆ. ಎರಡು ನಿಮಿಷದ ಕೆಲಸ. ಎಲ್ಲ ಕೂಡಿಸಿದರೆ ನಾನು ಕಟ್ಟಿದ್ದು ಒಂಬತ್ತು ಲಕ್ಷ ನಲವತ್ತು ಸಾವಿರದ ಸುಮಾರು. ನೋ ಡ್ಯೂ ಸರ್ಟಿಫಿಕೇಟ್‌ಗೆ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರಕ್ಕೆ, ಮುಂದಿನ ವಾರ ಬನ್ನಿ ಅಂದರು. ನಾನು ಕಾಯುತ್ತೇನೆ ಸರ್ ಅಂದೆ. ಕಾದೆವು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಗೆ ಕೊಟ್ಟರು, ಸಹಿ ಸೀಲು ಎರಡೂ ಹಾಕಿ. ಓದಿ ನೋಡಿದೆ. ಇಬ್ಬರ ಹೆಸರೂ ಸರಿ ಇದೆಯಾ, ಲೋನ್ ನಂಬರ್ ಸರಿ ಇದೆಯಾ, ಖಾತೆ "ಕ್ಲೋಸ್ಡ್" ಅಂತ ಇದೆಯಾ ಅಂತ. "ಸೆಟಲ್ಡ್" ಅಂತ ಇರಬಾರದು ನೋಡಿ. ಪೂರ್ತಿ ಕಟ್ಟದೆ ಕಡಿಮೆಗೆ ಮಾತಾಡಿ ಮುಗಿಸಿದವರಿಗೆ ಹಾಗೆ ಬರೆಯುತ್ತಾರೆ, ಅದು ಸಿಬಿಲ್ ರಿಪೋರ್ಟಿನಲ್ಲಿ ಕಲೆಯಂತೆ ಉಳಿಯುತ್ತದೆ.

ಮೆಟ್ಟಿಲು ಇಳಿಯುವಾಗ ಅಪ್ಪ ನಿಂತರು. "ನನ್ನ ಹೆಸರೂ ಹೋತೇನು?" ಅಂತ ಕೇಳಿದರು.

"ಹೋತಪ್ಪಾ" ಅಂದೆ.

ಇದು ಗಿರ್ಮಿಟ್ ಅಂಗಡಿ. ಅಪ್ಪ ಹೊರಗೆ ತಿನ್ನುವವರೇ ಅಲ್ಲ. ಇವತ್ತು ತಾವೇ ಒಳಗೆ ಹೋಗಿ ಎರಡು ಪ್ಲೇಟ್ ಗಿರ್ಮಿಟ್, ಮಿರ್ಚಿ ಹೇಳಿದರು. ದುಡ್ಡು ನಾನು ಕೊಡುತ್ತೇನೆ ಅಂದರೆ ಕೈ ಹಿಡಿದು ತಡೆದರು. ಅವ್ವನಿಗೂ ಕಟ್ಟಿಸಿಕೊಂಡರು.

ಸಂಜೆ ಅವ್ವ ಕೇಳಿದಳು. "ಈಗ ಸಾಲ ಕೊಡತಾರಲ್ಲಾ, ಮಗ್ಗ ತರೂಣೇನು?" ಅಪ್ಪ ತುಸು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಈಗ ಎಳಿ ಕಾಣಂಗಿಲ್ಲ ನನಗ" ಅಂದರು. ಕೋಪ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆಮೇಲೆ ಸರ್ಟಿಫಿಕೇಟ್ ಕೇಳಿದರು. ದೀಪದ ಕೆಳಗೆ ಹಿಡಿದರು. ಇಂಗ್ಲಿಷ್ ಬರುವುದಿಲ್ಲ ಅವರಿಗೆ. ನನ್ನ ಹೆಸರು ಎಲ್ಲಿದೆ, ನಿನ್ನ ಹೆಸರು ಎಲ್ಲಿದೆ ತೋರಿಸು ಅಂದರು. ತೋರಿಸಿದೆ. ಎರಡರ ಮೇಲೂ ಬೆರಳು ಇಟ್ಟು ನೋಡಿ, ಮಡಿಚಿ, ರೇಷನ್ ಕಾರ್ಡ್ ಇರುವ ಡಬ್ಬಿಯಲ್ಲಿ ಇಟ್ಟರು.

ಬ್ಯಾಂಕುಗಳು ಸಾಲದ ಮಾಹಿತಿಯನ್ನು ಸಿಬಿಲ್‌ನಂಥ ಸಂಸ್ಥೆಗಳಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಬೇಕು ಅಂತ 2025ರ ಜನವರಿಯಿಂದ ನಿಯಮ ಬಂತು. ವರ್ಷಕ್ಕೆ ಒಂದು ರಿಪೋರ್ಟ್ ಫ್ರೀಯಾಗಿ ಸಿಗುತ್ತದೆ. ಡಿಸೆಂಬರ್‌ನಲ್ಲಿ ಮತ್ತೆ ಊರಿಗೆ ಬರುತ್ತೇನೆ. ಅಪ್ಪನ ಫೋನಿಗೆ ಒಟಿಪಿ ಬರಬೇಕಲ್ಲ, ಪಕ್ಕದಲ್ಲೇ ಕೂರಿಸಿಕೊಂಡು ಇಬ್ಬರ ರಿಪೋರ್ಟೂ ತೆಗೆಯುತ್ತೇನೆ. ಅಪ್ಪನದು ಮೊದಲು.