ಆಯಿಲ್ ಫಿಲ್ಟರ್: ಡಬ್ಬಿಯ ಒಳಗೇನಿದೆ?

ಕೇಳುಗರಿಗೆ ನಮಸ್ಕಾರ.

ಆಯಿಲ್ ಫಿಲ್ಟರ್ ಕೊಳ್ಳುವಾಗ ಹಲವರು ಅದನ್ನು ಕೈಯಲ್ಲಿ ತೂಗಿ ನೋಡುತ್ತಾರೆ. ಭಾರವಿದ್ದರೆ ಒಳ್ಳೆಯ ಮಾಲು ಅಂತ ಲೆಕ್ಕ. ಆದರೆ ತಗಡು ದಪ್ಪವಿದ್ದರೂ ತೂಕ ಬರುತ್ತದಲ್ಲ! ಎಂಜಿನ್ ಎಣ್ಣೆಯನ್ನು ಸೋಸುವ ಒಳಗಿನ ಕಾಗದದ ಗುಣ ತೂಕದಿಂದ ತಿಳಿಯುವುದಿಲ್ಲ.

ಹೊಸ ಫಿಲ್ಟರಿನ ಬಾಯಿ ಮೇಲೆ ಮಾಡಿ ಹಿಡಿಯಿರಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತಲೂ ಸಣ್ಣ ತೂತುಗಳು. ಎಣ್ಣೆ ಸಣ್ಣ ತೂತುಗಳಿಂದ ಒಳಹೊಕ್ಕು, ಕಾಗದ ದಾಟಿ, ನಡುವಿನ ತೂತಿನಿಂದ ಎಂಜಿನ್ನಿಗೆ ಮರಳುತ್ತದೆ. ಸಣ್ಣ ತೂತಿನೊಳಗೆ ಇಣುಕಿದರೆ ಸಾಮಾನ್ಯವಾಗಿ ಒಂದು ರಬ್ಬರ್ ಪೊರೆ ಕಾಣುತ್ತದೆ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಅದು. ಮೊಂಡಾದ, ಶುಚಿಯಾದ ಕಡ್ಡಿಯಿಂದ ಮೆಲ್ಲಗೆ ಒತ್ತಿ: ಬಗ್ಗಬೇಕು, ಬಿಟ್ಟೊಡನೆ ಮತ್ತೆ ಕೂರಬೇಕು. ನೈಟ್ರೈಲ್ ರಬ್ಬರ್ ಕಾವಿಗೆ ಬರಬರುತ್ತಾ ಗಡುಸಾಗುತ್ತದೆ. ಸಿಲಿಕೋನ್ ಹೆಚ್ಚು ಕಾಲ ಮೆತ್ತಗಿರುತ್ತದೆ. ಫಿಲ್ಟರ್ ಅಡ್ಡವಾಗಿಯೋ ಬಾಯಿ ಕೆಳಗಾಗಿಯೋ ಕೂರುವ ಎಂಜಿನ್ನಿಗೆ ಈ ವಾಲ್ವ್ ಬಹಳ ಮುಖ್ಯ. ಅದು ಸೋತರೆ, ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಕೆಲ ಸೆಕೆಂಡು ಕಟಕಟ ಸದ್ದು ಮಾಡುತ್ತದೆ. ಆಯಿಲ್ ಲೈಟ್ ಆರುವುದೂ ತಡ.

ಇನ್ನು ಪೆಟ್ಟಿಗೆಯ ಮೇಲೆ ‘ಶೇಕಡಾ 99 ಶೋಧನೆ’ ಎಂದು ಬರೆದಿದ್ದರೆ, ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣಕ್ಕೆ ಎಂದು ಹುಡುಕಿ. 40 ಮೈಕ್ರಾನಿಗೆ 99 ಎನ್ನುವುದಕ್ಕಿಂತ 20 ಮೈಕ್ರಾನಿಗೆ 95 ಎನ್ನುವುದು ಮೇಲು. ಆಯಿಲ್ ಫಿಲ್ಟರಿನ ಶೋಧನೆ ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆ ಐಎಸ್ಒ 4548-12ರ ಹೆಸರಿದ್ದರೆ ಆ ಅಂಕಿಗೆ ಆಧಾರವಿದೆ. ಮೈಕ್ರಾನ್ ಹೇಳದ ಶೇಕಡಾವಾರು ಬರೀ ಜಾಹೀರಾತು.

ಬೈಪಾಸ್ ವಾಲ್ವ್ ಹೊರಗಿನಿಂದ ಸುಲಭಕ್ಕೆ ಕಾಣದು. ಕಾಗದ ಕಟ್ಟಿಕೊಂಡಾಗ, ಇಲ್ಲವೇ ಚಳಿಗೆ ಎಣ್ಣೆ ಮಂದವಾದಾಗ, ಅದು ತೆರೆದು ಸೋಸದ ಎಣ್ಣೆಯನ್ನೇ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಅದು ವಾಸಿ. ಆದರೆ ಸ್ಪ್ರಿಂಗ್ ಸಡಿಲವಿದ್ದರೆ ಸದಾ ಸೋರುತ್ತದೆ, ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಎಂಜಿನ್ ಬ್ಲಾಕಿನಲ್ಲೇ ಇರುತ್ತದೆ. ಹಾಗಾಗಿ ಥ್ರೆಡ್ ಕೂಡಿತು ಎಂದು ಯಾವುದೋ ಫಿಲ್ಟರ್ ಹಾಕಬೇಡಿ. ಪಾರ್ಟ್ ನಂಬರ್ ನೋಡಿ.

ನಿಜವಾದ ತೀರ್ಪು ಸಿಗುವುದು ಬಿಚ್ಚಿದ ಹಳೆಯ ಫಿಲ್ಟರನ್ನು ಕತ್ತರಿಸಿದಾಗ. ಹ್ಯಾಕ್‌ಸಾ ಬೇಡ, ಅದರ ಲೋಹದ ಪುಡಿ ಒಳಗೆ ಬಿದ್ದರೆ ಎಂಜಿನ್ ಸವೆದ ಪುಡಿ ಯಾವುದೆಂದು ತಿಳಿಯುವುದಿಲ್ಲ. ಫಿಲ್ಟರ್ ಕಟರ್ ಬಳಸಿ. ಮಡಿಕೆಗಳು ಒಂದೇ ಅಂತರದಲ್ಲಿವೆಯೇ? ಒಂದೆಡೆ ಗುಂಪಾಗಿ ಇನ್ನೊಂದೆಡೆ ಬಾಯಿ ಬಿಟ್ಟಿವೆಯೇ? ಕಾಗದದ ಎರಡು ಅಂಚು ಸೇರುವ ಜಾಗದಲ್ಲಿ ಅಂಟು ಬಿಟ್ಟಿದ್ದರೆ ಎಣ್ಣೆ ಆ ಸಂದಿಯಲ್ಲೇ ನುಸುಳಿರುತ್ತದೆ. ತುದಿಯ ಮುಚ್ಚಳ ರಟ್ಟಿನದ್ದು ಎಂದ ಮಾತ್ರಕ್ಕೆ ಕಳಪೆಯಲ್ಲ, ಅಂಟು ಗಟ್ಟಿಯಿದ್ದರೆ ಸಾಕು. ನಡುವಿನ ಕೊಳವೆ ಮಾತ್ರ ಅಪ್ಪಚ್ಚಿಯಾಗಿರಬಾರದು. ಕಾಗದವನ್ನು ಹಿಂಡಿ ಆಯಸ್ಕಾಂತ ಹಿಡಿಯಿರಿ. ಕಬ್ಬಿಣದ ಚೂರು ಅಂಟುತ್ತದೆ. ಅಂಟದ ಹೊಳಪು ಚೂರುಗಳು ಬೇರಿಂಗಿನವೂ ಇರಬಹುದು, ಹೆಚ್ಚು ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ.

ಹೊಸದನ್ನು ಕೂರಿಸುವಾಗ ಹಳೆಯ ಗ್ಯಾಸ್ಕೆಟ್, ಅಂದರೆ ಬಾಯಿಯ ಸುತ್ತಲಿನ ರಬ್ಬರ್ ಉಂಗುರ, ಎಂಜಿನ್ನಿಗೆ ಅಂಟಿಕೊಂಡಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಒಂದರ ಮೇಲೊಂದು ಕೂತರೆ ಎಣ್ಣೆ ಚಿಮ್ಮುತ್ತದೆ. ಹೊಸ ಗ್ಯಾಸ್ಕೆಟ್‌ಗೆ ಎಣ್ಣೆ ಸವರಿ. ಅದು ತಾಗಿದ ಮೇಲೆ, ಡಬ್ಬಿಯ ಮೇಲೆ ಬೇರೆ ಸೂಚನೆ ಇಲ್ಲದಿದ್ದರೆ, ಕೈಯಿಂದ ಮುಕ್ಕಾಲು ಸುತ್ತು ಬಿಗಿ ಮಾಡಿ. ಎಂಜಿನ್ ಓಡಿಸಿ ಸೋರಿಕೆ ನೋಡಿ, ನಿಲ್ಲಿಸಿ ಕೆಲ ನಿಮಿಷ ಬಿಟ್ಟು ಎಣ್ಣೆಯ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ. ಹೊಸ ಫಿಲ್ಟರ್ ತುಂಬಿಕೊಂಡಷ್ಟು ಎಣ್ಣೆ ಕಡಿಮೆಯಾಗಿರುತ್ತದೆ, ಅಷ್ಟು ಸೇರಿಸಿ.