ಕಳೆನಾಶಕಕ್ಕೆ ಜೋಳ ಯಾವುದು, ಹುಲ್ಲು ಯಾವುದು?

ಕೇಳುಗರಿಗೆ ನಮಸ್ಕಾರ.

ಜೋಳದ ಹೊಲದಲ್ಲಿ ಹುಲ್ಲಿಗೆ ಔಷಧಿ ಹೊಡೆಯೋಣ ಅಂದರೆ ರೈತರು ಹಿಂದೆಮುಂದೆ ನೋಡುತ್ತಾರೆ. ನೋಡಲೇಬೇಕು. ಜೋಳವೂ ಹುಲ್ಲಿನ ಜಾತಿಯೇ ಅಲ್ವಾ? ಹುಲ್ಲುಕಳೆಯನ್ನು ಮೊಳಕೆಯಲ್ಲೇ ಕೊಲ್ಲುವ ಮೆಟೊಲಾಕ್ಲೋರ್ ಜೋಳದ ಮೊಳಕೆಯನ್ನೂ ಬಿಡುವುದಿಲ್ಲ. ಸುಳಿ ಬಿಚ್ಚದೆ ತಿರುಚಿಕೊಳ್ಳುತ್ತದೆ. ಕೆಲವು ಸಸಿ ಮಣ್ಣೊಳಗೇ ಎಲೆ ಬಿಚ್ಚಿ ಅಲ್ಲೇ ಸಾಯುತ್ತವೆ.

ಅಮೆರಿಕದ ಕಾನ್ಸಾಸ್, ಟೆಕ್ಸಾಸ್ ಕಡೆಯೂ ಜೋಳ ದೊಡ್ಡ ಬೆಳೆ. ಅಲ್ಲಿಯ ರೈತರು ಇದೇ ಮೆಟೊಲಾಕ್ಲೋರನ್ನು ಜೋಳಕ್ಕೆ ಬಳಸುತ್ತಾರೆ. ಯಾಕೆಂದರೆ ಬೀಜಕ್ಕೆ ಮೊದಲೇ ಫ್ಲಕ್ಸೊಫೆನಿಮ್ ಎಂಬ ಮದ್ದು ಸವರಿರುತ್ತದೆ. ಒಂದು ಕೆಜಿ ಬೀಜಕ್ಕೆ ಅರ್ಧ ಗ್ರಾಮೂ ಬೇಡ. ಕಳೆನಾಶಕದ ಪೆಟ್ಟಿನಿಂದ ಬೆಳೆಯನ್ನು ಕಾಪಾಡುವ ಇಂಥ ಮದ್ದಿಗೆ ಸೇಫನರ್ ಎನ್ನುತ್ತಾರೆ.

ಲೇಪ ಔಷಧಿಯನ್ನು ಹೊರಗೇ ತಡೆಯುತ್ತದೆ ಅಂತ ಅನ್ನಿಸಬಹುದು. ಇಲ್ಲ, ಕಳೆನಾಶಕ ಮೊಳಕೆಯೊಳಗೆ ಹೋಗೇ ಹೋಗುತ್ತದೆ. ಗಿಡದಲ್ಲಿ ಗ್ಲುಟಾಥಯೋನ್ ಎಂಬ ವಸ್ತುವಿದೆ. ವಿಷವನ್ನು ಹಿಡಿದು ಅದಕ್ಕೆ ಕಟ್ಟಿಹಾಕುವ ಕಿಣ್ವವೂ ಇದೆ. ಕಟ್ಟಿದ ಮೇಲೆ ವಿಷದ ಆಟ ಮುಗಿಯಿತು. ಗೋವಿನಜೋಳದಲ್ಲಿ ಈ ಕೆಲಸ ಹುಟ್ಟಾ ಚುರುಕು, ಜೋಳದಲ್ಲಿ ನಿಧಾನ. ಸೇಫನರ್ ತಾಗಿದ ಜೋಳ ಆ ಕಿಣ್ವವನ್ನು ಜಾಸ್ತಿ ಮಾಡಿಕೊಳ್ಳುತ್ತದೆ, ಅಷ್ಟೇ. ಹಾಗಂತ ಡೋಸ್ ಏರಿಸುವ ಹಾಗಿಲ್ಲ. ತಂಪು ಹಿಡಿದ ಹಸಿ ನೆಲದಲ್ಲಿ ಲೇಪವಿದ್ದ ಸಸಿಗೂ ಪೆಟ್ಟು ಬೀಳುವುದುಂಟು.

ಸೇಫನರನ್ನು ಬೀಜಕ್ಕೆ ಸವರುವ ಬದಲು ಸುಮ್ನೆ ಕಳೆನಾಶಕದ ಟ್ಯಾಂಕಿಗೇ ಬೆರೆಸಬಾರದೇ? ಜೋಳದ ಹತ್ತಿರದ ನೆಂಟ ಜಾನ್ಸನ್ ಹುಲ್ಲು ಎಂಬ ಕಳೆ ಅದೇ ಹೊಲದಲ್ಲಿ ಮೊಳೆಯುತ್ತಿರುತ್ತದೆ. ಹೊಲಕ್ಕೆಲ್ಲ ಚಿಮುಕಿಸಿದರೆ ನೆಂಟನೂ ಬದುಕಿಕೊಂಡಾನು! ಬೀಜಕ್ಕೆ ಸವರಿದರೆ ಬಿತ್ತಿದ್ದಕ್ಕೆ ಮಾತ್ರ ಸಿಗುತ್ತದೆ.

ಇದರ ಸುಳಿವು ಸಿಕ್ಕಿದ್ದು ಟೊಮೆಟೊ ಗಿಡದಿಂದ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಓಟೊ ಹಾಫ್‌ಮನ್ ಅವರ ಗಾಜಿನಮನೆಯಲ್ಲಿ 2,4-ಡಿ ಎಂಬ ಕಳೆನಾಶಕದ ಆವಿ ತಾಗಿ ಟೊಮೆಟೊ ಗಿಡಗಳು ಮುರುಟಿದವು. 2,4,6-ಟಿ ಎಂಬ ಬೇರೆ ಮದ್ದು ಬಿದ್ದಿದ್ದ ಗಿಡಗಳು ಮಾತ್ರ ಆರಾಮಾಗಿದ್ದವು. ಆ ಎಳೆ ಹಿಡಿದು ಹೊರಟು, ಗೋವಿನಜೋಳದ ಬೀಜಕ್ಕೆ ಸವರುವ ಸೇಫನರ್ ಮಾರುಕಟ್ಟೆಗೆ ಬಂದದ್ದು 1970ರ ದಶಕದಲ್ಲಿ.

ನಮ್ಮ ಭತ್ತದ ರೈತರು ಹೆಸರು ಗೊತ್ತಿಲ್ಲದೆಯೇ ಸೇಫನರ್ ಬಳಸಿರಬಹುದು. ಭತ್ತದ ಕಳೆನಾಶಕ ಪ್ರೆಟಿಲಾಕ್ಲೋರ್ ಗೊತ್ತಲ್ಲ? ನಾಟಿ ಗದ್ದೆಗೆ ಹಾಕುವುದು 50 ಇಸಿ, ಅಂದರೆ ನೂರಕ್ಕೆ 50 ಭಾಗ ಔಷಧಿ ಇರುವ ದ್ರಾವಣ. ಗಂಗಾವತಿ, ಸಿಂಧನೂರು ಕಡೆ ಕೆಸರಿನಲ್ಲಿ ಡ್ರಮ್ ಸೀಡರ್ ಎಳೆದು ಬಿತ್ತುವವರಿಗೆ ಬೇಕಾದದ್ದು 30.7 ಇಸಿ. ಅದರಲ್ಲಿ ಫೆನ್‌ಕ್ಲೋರಿಮ್ ಎಂಬ ಸೇಫನರ್ ಬೆರೆತೇ ಬರುತ್ತದೆ. ಇಲ್ಲಿ ಕಳೆಗೂ ಅದು ಸಿಗುತ್ತದಲ್ಲ ಅಂತ ಕೇಳಬಹುದು. ಸಿಗುತ್ತದೆ, ಆದರೆ ಭತ್ತಕ್ಕೆ ಆದಷ್ಟು ಉಪಕಾರ ಕಳೆಗೆ ಆಗುವುದಿಲ್ಲ. ಭತ್ತ ಅದನ್ನು ಹೀರುವುದು ಬೇರಿನಿಂದ. ಹಾಗಾಗಿ ಬೀಜ ಮೊಳಕೆ ಕಟ್ಟಿಸಿಯೇ ಬಿತ್ತಿರಬೇಕು.

ಅಂಗಡಿಯಲ್ಲಿ "ಎರಡೂ ಒಂದೇ, ತಗೊಂಡು ಹೋಗಿ" ಅಂದರೆ ತಲೆಯಾಡಿಸಿ ಬರಬೇಡಿ. ಡಬ್ಬಿ ತಿರುಗಿಸಿ ಅಂಕಿ ನೋಡಿ. 50 ಅಂತ ಇದ್ದರೆ ಅದು ಡ್ರಮ್ ಸೀಡರ್ ಗದ್ದೆಯದ್ದಲ್ಲ.

ನಮಸ್ಕಾರ.