ಕೆಳಗೆ ಅಂಗಡಿ, ಮೇಲೆ ಮನೆ: ವಿದ್ಯಾನಗರದ ಹೊಸ ಕಟ್ಟಡಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ನಮ್ಮ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಓದಿದವರು. ನಾನೂ ಪ್ರೀ ಡಿಗ್ರಿ ಮಾಡಿದ್ದು ಅಲ್ಲೇ. ಆಮೇಲೆ ಎಂಜಿನಿಯರಿಂಗ್ ಓದಿ, ಈಗ ಇಪ್ಪತ್ತೈದು ವರ್ಷದಿಂದ ಕಟ್ಟಡಗಳ ನಕ್ಷೆ ಮಾಡುತ್ತಿದ್ದೇನೆ. ಆ ಕಾಲೇಜು ಇರುವ ವಿದ್ಯಾನಗರದಲ್ಲಿ ಏಳುತ್ತಿರುವ ಹೊಸ ಕಟ್ಟಡಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಕೆಳಗೆ ಅಂಗಡಿ, ಮೇಲೆ ಫ್ಲಾಟ್ ಇರುವ ಕಟ್ಟಡಗಳು. ಕೆಲವರು ಬೇಕೇ ಬೇಕು ಅನ್ನುತ್ತಾರೆ, ಕೆಲವರಿಗೆ ಕಂಡರೇ ಆಗುವುದಿಲ್ಲ. ನನಗೆ ಅವು ಬೇಕು. ಆದರೆ ಎಷ್ಟು ಮಾಳಿಗೆ ಎಂದು ಕೇಳುವ ಮೊದಲು, ನೆಲಮಟ್ಟದ ಅಂತಸ್ತು ಹೇಗಿದೆ ಎಂದು ಕೇಳಬೇಕು. ಮೇಲಿನದು ಕೊಂಡವರದ್ದು. ಕೆಳಗಿನದರಲ್ಲಿ ಊರಿಗೂ ಪಾಲಿದೆ.

ನಮ್ಮ ಕಡೆ ಇದು ಹೊಸ ಸಂಗತಿಯೇನೂ ಅಲ್ಲ. ನಾನು ಹುಟ್ಟಿ ಬೆಳೆದದ್ದು ಕಾಸರಗೋಡು ಪೇಟೆಯಲ್ಲಿ, ಅಪ್ಪನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಹಂಚಿನ ಮಾಡು. ಕೆಳಗೆ ಪುಸ್ತಕ, ಪೆನ್ನು, ಲಾಗ್ ಟೇಬಲ್, ರೆಕಾರ್ಡ್ ಬುಕ್ಕು. ಅಂಗಡಿಗೆ ಶಟರ್ ಇರಲಿಲ್ಲ, ಹಲಗೆ ಬಾಗಿಲು. ಒಟ್ಟು ಒಂಬತ್ತು ಹಲಗೆ, ಒಂದೊಂದರ ಹಿಂದೆಯೂ ಬಿಳಿ ಪೇಂಟಿನಲ್ಲಿ ನಂಬರು. ರಾತ್ರಿ ಅಪ್ಪ ಒಂದೊಂದೇ ಹಲಗೆ ಎತ್ತಿ, ಮೇಲಿನ ಸಂದಿಗೆ ಸಿಕ್ಕಿಸಿ, ಕೆಳಗೆ ಇಳಿಸಿ, ಪಕ್ಕಕ್ಕೆ ಸರಿಸುತ್ತಿದ್ದರು. ಎಂಟು ಆದ ಮೇಲೆ ತಲೆಯೆತ್ತಿ ‘ಆಯ್ತು’ ಅನ್ನುತ್ತಿದ್ದರು. ಒಂಬತ್ತನೆಯ ಹಲಗೆ ಕೂರುವಷ್ಟರಲ್ಲಿ ಅಮ್ಮ ಗಂಜಿ ಬಡಿಸಿ ಆಗಿರುತ್ತಿತ್ತು.

ಆ ಅಂಗಡಿಯ ಮುಂದೆ ಒಂದು ಜಗಲಿ ಇತ್ತು. ಅಗಲ ಆರಡಿ ಇದ್ದಿರಬೇಕು. ಆಧಾರದಲ್ಲಿ, ಅಂದರೆ ಜಾಗದ ದಾಖಲೆಪತ್ರದಲ್ಲಿ, ಅದು ನಮ್ಮದೇ ಜಾಗ. ಆದರೆ ಜೂನ್ ತಿಂಗಳಲ್ಲಿ ಮಳೆ ಹೊಡೆದಾಗ ಅಲ್ಲಿ ಯಾರ್‍ಯಾರೋ ನಿಲ್ಲುತ್ತಿದ್ದರು. ಮೀನಿನ ಬುಟ್ಟಿಯವರು, ಶಾಲೆ ಮಕ್ಕಳು, ಕೋರ್ಟಿಗೆ ಬಂದವರು. ಪಕ್ಕದ ಅಂಗಡಿಗೂ ಜಗಲಿ, ಅದರ ಪಕ್ಕದ್ದಕ್ಕೂ ಜಗಲಿ. ಕೊಡೆ ಬಿಡಿಸದೆ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು. ‘ಇಲ್ಲಿ ನಿಲ್ಲಬೇಡಿ’ ಎಂದು ಅಪ್ಪ ಯಾರಿಗೂ ಹೇಳಿದ್ದು ನನಗೆ ನೆನಪಿಲ್ಲ.

ಈಗ ವಿದ್ಯಾನಗರಕ್ಕೆ ಬರೋಣ. ರಾಜ್ಯಗಳು ವಿಂಗಡಣೆ ಆಗಿ ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ ನಮ್ಮ ಕಾಲೇಜು ಶುರುವಾಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳೂ ಇಲ್ಲಿಗೇ ಬಂದವು. ಒಂದು ಕಡೆ ಕಾಲೇಜು, ಒಂದು ಕಡೆ ಕಲೆಕ್ಟರೇಟು, ನಡುವೆ ಹೆದ್ದಾರಿ. ಹೀಗೆ ಇದು ಎರಡನೇ ಪೇಟೆಯಾಗಿ ಬೆಳೆಯಿತು. ಆಮೇಲೆ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥಕ್ಕೆ ಅಗಲವಾಯಿತು. ರಸ್ತೆ ಬದಿಯ ಸಣ್ಣ ಸಣ್ಣ ಅಂಗಡಿಗಳು ಎಷ್ಟೋ ಹೋದವು. ರಸ್ತೆ ಬೇಕಿತ್ತು, ಸರಿ. ಆದರೆ ಗೂಡಂಗಡಿಯವರು, ಚಾ ಅಂಗಡಿಯವರು ಎಲ್ಲಿಗೆ ಹೋಗಬೇಕು? ಹೊಸ ಕಟ್ಟಡದ ನೆಲಮಟ್ಟದಲ್ಲಿ ಅವರಿಗೆ ಜಾಗ ಸಿಗದಿದ್ದರೆ ಬೇರೆಲ್ಲೂ ಸಿಗುವುದಿಲ್ಲ.

ಕಾಲೇಜಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇತ್ತು. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಪರೀಕ್ಷೆಯ ಹಿಂದಿನ ಸಂಜೆ ಅಲ್ಲಿ ಹೇಗಿರುತ್ತಿತ್ತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೆಷಿನ್ನಿನ ಬಿಸಿ, ಒದ್ದೆ ಕೊಡೆಗಳ ವಾಸನೆ, ‘ಅಣ್ಣಾ, ನನ್ನದು ಮೊದಲು ಕೊಟ್ಟದ್ದು’ ಎಂಬ ಜಗಳ. ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗಿಯರು ಬಸ್ ತಡವಾದರೆ ಅಲ್ಲೇ ನಿಲ್ಲುತ್ತಿದ್ದರು. ಏಕೆಂದರೆ ಅಲ್ಲಿ ಬೆಳಕಿತ್ತು, ಗುರುತಿನವರಿದ್ದರು. ಅಂಗಡಿಯವರು ಯಾವ ಸಮಾಜಸೇವೆಗೂ ಕೂತವರಲ್ಲ. ಎಂಟು ಗಂಟೆವರೆಗೆ ಬಾಗಿಲು ತೆರೆದಿಟ್ಟರು, ಅಷ್ಟೇ. ಆ ಹೆಣ್ಣುಮಕ್ಕಳ ಮನೆಯವರಿಗೆ ಅದು ಎಷ್ಟು ದೊಡ್ಡ ಧೈರ್ಯ ಅಲ್ವಾ?

ಹೊಸ ಕಟ್ಟಡಗಳಲ್ಲಿ ಇಂಥ ಅಂಗಡಿಗೆ ಯಾಕೆ ಜಾಗ ಸಿಗುವುದಿಲ್ಲ? ಬಿಲ್ಡರ್ ಕೆಟ್ಟವರು ಎಂದಲ್ಲ. ಒಂದು ದೊಡ್ಡ ಶೋರೂಮಿಗೆ ಕೊಟ್ಟರೆ ಒಬ್ಬರೇ ಬಾಡಿಗೆದಾರ, ತಿಂಗಳಿಗೆ ಒಂದೇ ಚೆಕ್ಕು. ಹತ್ತು ಸಣ್ಣ ಕೋಣೆ ಮಾಡಿದರೆ ಹತ್ತು ಜನರ ಹಿಂದೆ ಓಡಬೇಕು. ಅವರ ಕಷ್ಟ ನನಗೆ ಗೊತ್ತು, ಅವರೊಟ್ಟಿಗೇ ಕೂತು ನಕ್ಷೆ ಮಾಡುವವಳು ನಾನು. ಆದರೂ ಹೇಳುತ್ತೇನೆ, ಕಾಲೇಜಿನ ಎದುರು ಶೋರೂಮಿನ ಗಾಜು ಸಾಲದು. ಅದು ರಾತ್ರಿ ಲೈಟ್ ಆರಿಸಿದರೆ ಇಡೀ ಬೀದಿಯೇ ಕತ್ತಲೆ. ಹತ್ತು ಕೋಣೆಯಲ್ಲಿ ಎರಡಾದರೂ ತೆರೆದಿರುತ್ತವೆ.

ಇನ್ನೊಂದು, ಕಾರು. ಮುಂದೆ ಜಾಗ ಬಿಡಿ ಎಂದು ನಿಯಮ ಇದೆ. ಬಿಟ್ಟ ಜಾಗದಲ್ಲಿ ಕಾರು ನಿಲ್ಲುತ್ತದೆ. ಅದರ ಹಿಂದೆ ನಾಲ್ಕು ಮೆಟ್ಟಿಲು, ಅದರ ಮೇಲೆ ಅಂಗಡಿ. ನಡೆದು ಬಂದವರು ಕಾರುಗಳ ಸಂದಿನಲ್ಲಿ ನುಸುಳಬೇಕು. ಮೊಣಕಾಲು ನೋವಿನವರು ಮೆಟ್ಟಿಲು ನೋಡಿಯೇ ವಾಪಸ್. ಕಾರನ್ನು ಹಿಂದಕ್ಕೆ ಹಾಕಿ, ಅಂಗಡಿಯನ್ನು ರಸ್ತೆಯ ಮಟ್ಟಕ್ಕೆ ಇಳಿಸಿ, ಮುಂದೆ ಆರಡಿ ಜಗಲಿ ಬಿಟ್ಟರೆ ಖರ್ಚು ಹೆಚ್ಚಾಗುವುದಿಲ್ಲ. ನಾನು ಲೆಕ್ಕ ಹಾಕಿಯೇ ಹೇಳುವುದು. ಕಾರಿಗೆಂದು ನೆಲದಡಿಗೆ ಅಗೆಯುವುದು ಮಾತ್ರ ಇಲ್ಲಿ ಜಾಗ್ರತೆಯ ಕೆಲಸ. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿ ಮಣ್ಣು, ಅಂದರೆ ಮೆತ್ತನೆಯ ಜೇಡಿ. ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಜಾರುತ್ತದೆ. ಪಕ್ಕದವರ ಕಾಂಪೌಂಡ್ ಬೀಳುವುದು ಹಾಗೆ.

ಮೇಲಿನ ಮನೆಗಳ ಬಗ್ಗೆ ಸ್ವಲ್ಪ. ನಮ್ಮಲ್ಲಿ ಫ್ಲಾಟ್ ಕೊಳ್ಳುವವರಲ್ಲಿ ಗಲ್ಫಿನವರು ಜಾಸ್ತಿ. ಕೊಂಡು, ಬೀಗ ಹಾಕಿ, ರಜೆಗೆ ಬರುತ್ತಾರೆ. ಅದು ಅವರ ದುಡಿಮೆಯ ಹಣ, ಅವರ ಇಷ್ಟ. ಆದರೆ ಮೇಲೆ ಜನ ಇಲ್ಲದಿದ್ದರೆ ಕೆಳಗಿನ ಅಂಗಡಿಗೆ ವ್ಯಾಪಾರ ಇಲ್ಲ. ಎಲ್ಲವನ್ನೂ ಮೂರು ಬೆಡ್‌ರೂಮಿನದ್ದೇ ಮಾಡುವ ಬದಲು ಒಂದು ಅಂತಸ್ತಾದರೂ ಒಂಟಿ ಕೋಣೆಯ ಮನೆಗಳಿರಲಿ. ಹೊರಗಿನಿಂದ ಬರುವ ಮೇಷ್ಟ್ರುಗಳು, ಪರ್ಲ, ಆದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗಳು ಬಾಡಿಗೆಗೆ ಬರುತ್ತಾರೆ.

ಈಗ ನೀರು. ಇದನ್ನು ಕೇಳಿಸಿಕೊಳ್ಳಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೂ ಏಪ್ರಿಲ್ ಬಂತೆಂದರೆ ಟ್ಯಾಂಕರ್. ಪೇಟೆಗೆ ನೀರು ಕೊಡುವ ಹೊಳೆಗೆ ಬಾವಿಕ್ಕೆರೆಯಲ್ಲಿ ಅಣೆಕಟ್ಟು ಸರಿಯಾಗುವ ಮೊದಲು, ಬೇಸಿಗೆಯಲ್ಲಿ ನಳ್ಳಿಯಲ್ಲಿ ಉಪ್ಪು ನೀರು ಬರುತ್ತಿದ್ದದ್ದು ನಿಮಗೆಲ್ಲ ನೆನಪಿರಬೇಕು. ಚಾ ಮಾಡಿದರೆ ಹಾಲು ಒಡೆಯುತ್ತಿತ್ತು. ಮುರಕಲ್ಲು ತೂತು ತೂತಿನ ಕಲ್ಲು. ಮಳೆ ಬೇಗ ಇಳಿಯುತ್ತದೆ, ಬೇಗ ಹರಿದೂ ಹೋಗುತ್ತದೆ. ನಮ್ಮ ಹಿರಿಯರು ಅದಕ್ಕೇ ಗುಡ್ಡದ ಹೊಟ್ಟೆಗೆ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ, ಒಳಗಿಂದ ಸಣ್ಣಗೆ ಹರಿದು ಬರುವ ನೀರು. ಜಿಲ್ಲೆಯಲ್ಲಿ ಅಂಥವು ಸಾವಿರಾರು ಇವೆ. ಗುಡ್ಡದ ಮೇಲೆ ಮಳೆ ಇಂಗಿದರೆ ಮಾತ್ರ ಸುರಂಗದಲ್ಲಿ, ಬಾವಿಯಲ್ಲಿ ನೀರು. ವಿದ್ಯಾನಗರವೂ ಗುಡ್ಡವೇ. ಇಲ್ಲಿ ನಾವು ಇಂಟರ್‌ಲಾಕ್ ಹಾಸಿ ಮುಚ್ಚಿದ ಪ್ರತಿ ಸೆಂಟ್ಸ್ ಜಾಗದ ಲೆಕ್ಕವನ್ನು ಕೆಳಗಿನ ಬಾವಿಗಳು ಕೊಡಬೇಕಾಗುತ್ತದೆ.

ಲೆಕ್ಕವನ್ನೇ ಹಾಕೋಣ. 600 ಚದರ ಮೀಟರ್ ಟೆರೇಸ್, ಅಂದರೆ ಹತ್ತಿರ ಹತ್ತಿರ 15 ಸೆಂಟ್ಸ್. ಅದರ ಮೇಲೆ ವರ್ಷಕ್ಕೆ ಬೀಳುವುದು 21 ಲಕ್ಷ ಲೀಟರ್. 40 ಮನೆ, ಮನೆಗೆ ನಾಲ್ವರು, ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ ದಿನಕ್ಕೆ 21,600 ಲೀಟರ್ ಬೇಕು. ಟೆರೇಸಿನ ನೀರು ಮೂರು ತಿಂಗಳಿಗೂ ಜಾಸ್ತಿ ಬರುತ್ತದೆ. ಅಷ್ಟನ್ನೂ ತೊಟ್ಟಿಯಲ್ಲಿ ತುಂಬಿಸಿಡಲು ಆಗುವುದಿಲ್ಲ, ನಿಜ. ಸೋಸಿ ಬಾವಿಗೆ ಬಿಡಬಹುದು. ಕೇರಳದ ಕಟ್ಟಡ ನಿಯಮದಲ್ಲಿ ಮಳೆನೀರು ಹಿಡಿಯುವುದು ಕಡ್ಡಾಯವೇ ಇದೆ. ಆದರೆ ಪೈಪ್ ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ ಎಂದು ಹೋಗಿ ನೋಡಿ. ನಾನು ನೋಡಿದ ಒಂದು ಕಟ್ಟಡದಲ್ಲಿ ಅದು ಸೀದಾ ರಸ್ತೆಯ ಚರಂಡಿಗೆ ಹೋಗುತ್ತಿತ್ತು. ಆ ಕಟ್ಟಡದವರೇ ಮಾರ್ಚಿನಲ್ಲಿ ಮೂರನೇ ಬೋರ್‌ವೆಲ್ ಕೊರೆಸಿದರು. ನನಗೆ ಆ ದಿನ ಅಳು ಬಂತು.

ಕೊನೆಗೆ ಒಂದು ಮನೆಯ ವಿಷಯ. 2012ರಲ್ಲಿ ನನ್ನ ಚಿಕ್ಕಮ್ಮ ತೋಟ ಮಾರಿ ಪೇಟೆಯಲ್ಲಿ ಫ್ಲಾಟ್ ತೆಗೆದುಕೊಂಡರು. ಚಿಕ್ಕಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಕರಾರುಪತ್ರ ಇದ್ದದ್ದು ಇಂಗ್ಲಿಷಿನಲ್ಲಿ, ಬಾಯಲ್ಲಿ ವಿವರಿಸಿದ್ದು ಮಲಯಾಳದಲ್ಲಿ. 1,150 ಚದರಡಿ ಎಂದಿದ್ದರು. ನಾನು ಟೇಪ್ ಹಿಡಿದು ಅಳೆದಾಗ ಒಳಗೆ ಸಿಕ್ಕಿದ್ದು 820. ಉಳಿದದ್ದು ಮೆಟ್ಟಿಲು, ಲಿಫ್ಟ್, ವರಾಂಡದ ಪಾಲು. ಕಾಗದದಲ್ಲಿ ಎಲ್ಲ ಬರೆದಿತ್ತು, ಸುಳ್ಳೇನೂ ಇರಲಿಲ್ಲ. ಚಿಕ್ಕಮ್ಮ ‘ನನಗೆ ಓದಿ ಹೇಳುವವರು ಯಾರಿದ್ದರು ಮಗಾ’ ಅಂದರು.

ಮನೆ ಕೊಳ್ಳುವವರ ರಕ್ಷಣೆಗೆಂದು 2016ರ ರೇರಾ ಕಾಯ್ದೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದು, ಮನೆಗಳು ಎಂಟಕ್ಕಿಂತ ಜಾಸ್ತಿ ಇದ್ದರೆ ಬಿಲ್ಡರ್ ರೇರಾದಲ್ಲಿ ನೋಂದಣಿ ಮಾಡಿಸಲೇಬೇಕು. ಕಾರ್ಪೆಟ್ ಏರಿಯಾ, ಅಂದರೆ ಮನೆಯ ಒಳಗಿನ ನೆಲದ ಅಳತೆ, ಎಷ್ಟೆಂದು ಹೇಳಲೇಬೇಕು. ಕರಾರು ಆಗದೆ ಹತ್ತು ಶೇಕಡಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಮನೆ ಕೊಟ್ಟು ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ರಿಪೇರಿ ಮಾಡಿಕೊಡಬೇಕು. ಇದನ್ನೆಲ್ಲ ನಿಮ್ಮ ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಿ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮಗೆ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕಿದೆ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕೂ ಇದೆ. ಖಾಸಗಿ ಕರಾರಿಗೆ ಅದು ಅನ್ವಯಿಸುವುದಿಲ್ಲ. ಆದರೆ ‘ಒಂದು ಕನ್ನಡ ಪ್ರತಿ ಕೊಡಿ’ ಎಂದು ಕೇಳಲು ಯಾವ ಕಾಯ್ದೆ ಬೇಕು? ಕೇಳಿದರೆ ಕೊಡುತ್ತಾರೆ. ನಾನು ಕೆಲಸ ಮಾಡಿದ ಎರಡು ಕಡೆ ಕೊಟ್ಟಿದ್ದಾರೆ. ಕೆಳಗಿನ ಅಂಗಡಿಯ ಬೋರ್ಡಿನಲ್ಲೂ ಮಲಯಾಳದ ಪಕ್ಕದಲ್ಲಿ ಕನ್ನಡ ಇರಲಿ ಎಂದು ಬಾಡಿಗೆ ಕರಾರಿನಲ್ಲೇ ಒಂದು ಸಾಲು ಸೇರಿಸಬಹುದು.

ಹಿಂದಿನ ಮೇಜಿನ ಮೇಲೆ ಎರಡು ನಕ್ಷೆ ಇಟ್ಟಿದ್ದೇನೆ. ಅದೇ ಜಾಗ, ಅಷ್ಟೇ ಫ್ಲಾಟ್. ಒಂದರಲ್ಲಿ ಮುಂದೆ ಕಾರು, ಇನ್ನೊಂದರಲ್ಲಿ ಜಗಲಿ ಮತ್ತು ಹನ್ನೊಂದು ಸಣ್ಣ ಕೋಣೆ. ಟೆರೇಸಿನಿಂದ ಬಾವಿಗೆ ಹೋಗುವ ಪೈಪನ್ನು ನೀಲಿ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಚಾ ಕುಡಿಯುತ್ತಾ ನೋಡಿ. ಏನು ತಪ್ಪಿದೆ, ಏನು ಬಿಟ್ಟುಹೋಗಿದೆ, ಅದರ ಮೇಲೆಯೇ ಬರೆಯಿರಿ. ಪೆನ್ಸಿಲು ಪಕ್ಕದಲ್ಲೇ ಇದೆ.